ಚೆಂದ ಬಂದುಬಿಟ್ಟ ಫೋಟೊ

ನನ್ನ ಚಿಕ್ಕಪ್ಪನಷ್ಟು ಕೆಟ್ಟ ಫೋಟೊ ತೆಗೆಯುವವರು ಮುಂಬಯಿ ಕಡೆ ಠಾಣೆಯಿಂದ ಕಲ್ಯಾಣದವರೆಗೆ ಇನ್ನೊಬ್ಬರಿರಲಿಲ್ಲ. ಅದಕ್ಕೇ ಡೊಂಬಿವಲಿಯ ಅವರ ಸ್ಟುಡಿಯೊ ಮುಂದೆ ಹೆಣ್ಣು ಹೆತ್ತವರು ಸಾಲುಗಟ್ಟಿ ನಿಲ್ಲುತ್ತಿದ್ದರು! ನಂಬುವುದಿಲ್ಲವೆ? ನಂಬಬೇಡಿ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದ ಮೇಲೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಇದೆಲ್ಲ ನಡೆದಾಗ ತುರ್ತುಪರಿಸ್ಥಿತಿ ಮುಗಿದಿತ್ತೋ ಇನ್ನೂ ಇತ್ತೋ ಎಂದು ಕೇಳಿದರೆ ಎರಡಕ್ಕೂ ತಲೆಯಾಡಿಸಿಯೇನು. ಆದರೆ ಫೋಟೊಗಳು ಕೆಟ್ಟದಾಗಿದ್ದವು ಎಂಬುದಕ್ಕೆ ಸಾಕ್ಷಿಯಿದೆ. ಪದವಿಯ ನಿಲುವಂಗಿ ತೊಟ್ಟ ನನ್ನದೊಂದು ಫೋಟೊ ತೆಗೆದರು. ಅದರಲ್ಲಿ ನಾನು ನಿಲುವಂಗಿ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಣುತ್ತೇನೆ.

ಉಡುಪಿ ಕಡೆಯಿಂದ ಬಂದ ಚಿಕ್ಕಪ್ಪ ಶುರುವಿನಲ್ಲಿ ಎಲ್ಲರಂತೆ ಚೆಂದದ ಫೋಟೊವನ್ನೇ ತೆಗೆಯುತ್ತಿದ್ದರಂತೆ. ಹೆಣ್ಣು ನೋಡುವವರಿಗೆ ಕಳಿಸುವ ಫೋಟೊ ಎಂದರೆ ಆಗ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಮೊಡವೆ ಅಳಿಸಿ, ಬಣ್ಣ ತಿಳಿಯಾಗಿಸಿ ಕೊಡುವುದು ವಾಡಿಕೆ. ಹೀಗೆ ತಿಳಿಯಾಗಿಸಿದ ಒಂದು ಹುಡುಗಿಯನ್ನು ನೋಡಲು ಕಲ್ಯಾಣಕ್ಕೆ ಗಂಡಿನವರು ಬಂದರು. ಗಂಡಿನ ತಾಯಿ ಅವಲಕ್ಕಿ ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು, "ಹ್ಞಾಂ, ಇನ್ನು ಹುಡುಗಿಯನ್ನು ಕರೀರಿ" ಎಂದರು. ಅವಲಕ್ಕಿ ತಂದುಕೊಟ್ಟವಳೇ ಹುಡುಗಿ!

ಅವತ್ತಿಗೆ ಚಿಕ್ಕಪ್ಪ ಪೆನ್ಸಿಲ್ ಬಿಟ್ಟರು. ಮನುಷ್ಯ ಅಷ್ಟಕ್ಕೆ ನಿಲ್ಲಬೇಕಿತ್ತು ತಾನೆ? ನಿಲ್ಲಲಿಲ್ಲ. ಮುಂಬ್ರಾದ ಹತ್ತಿರ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಒಂದೇ ಕಾಲಿನ ಮೇಲೆ ನಿಂತಿದ್ದಾಗ ಅವರಿಗೊಂದು ಸಿದ್ಧಾಂತ ಹೊಳೆಯಿತು: ಫೋಟೊ ಆಸಾಮಿಗಿಂತ ಸ್ವಲ್ಪ ಕೆಟ್ಟದಾಗಿಯೇ ಇರಬೇಕು. "ಬಾಗಿಲು ತೆಗೆದಾಗ ನೋಡ್ಲಿಕ್ಕೆ ಬಂದವರಿಗೆ ಖುಷಿ ಆಗ್ಬೇಕು ಮಾರಾಯ. ಬೇಜಾರು ಎಂತದಿದ್ರೂ ಫೋಟೊದಲ್ಲೇ ಮುಗಿಸಿಬಿಡ್ಬೇಕು."

ಈ ಸಿದ್ಧಾಂತಕ್ಕೆ ಮೊದಲು ಬಲಿಯಾದವರಲ್ಲಿ ವಿಜಯಪುರದ ಕಡೆಯ ಒಬ್ಬ ಮುಕಾದಮರಿದ್ದರು. ಕಾರ್ಖಾನೆಯಲ್ಲಿ ಕೂಲಿಗಳ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು. ಮಗಳ ಫೋಟೊ ನೋಡಿದವರೇ, "ಏನ್ರೀ ಇದು! ನನ್ನ ಮಗಳಿಗೆ ಮನ್ಯಾಗ ಕೂಳು ಹಾಕಂಗಿಲ್ಲೇನು ನಾವು? ಬ್ಯಾನಿ ಬಿದ್ದು ಎದ್ದಂಗ ಕಾಣ್ತಾಳಲ್ರೀ!" ಎಂದು ಅಬ್ಬರಿಸಿದರು. ಪಕ್ಕದ ಹಿಟ್ಟಿನ ಗಿರಣಿ ನಿಂತುಹೋಯಿತು.

"ನಿಮಗೆ ಈಗ ಸಿಟ್ಟು ಬಂತಲ್ಲ, ಇದೇ ಸರಿಯಾದ ಫೋಟೊ" ಎಂದರು ಚಿಕ್ಕಪ್ಪ, ಲಕೋಟೆಗೆ ಹಾಕುತ್ತ.

ಮುಂದೆ ಮುಕಾದಮರು ಮತ್ತೆ ಬಂದಾಗ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿಯಿತ್ತು, ಹಿಂದೆ ಎರಡನೆಯ ಮಗಳಿದ್ದಳು. "ಇಕಿದು ಇನ್ನಾ ಕೆಟ್ಟ ತಗೀರಿ ಸಾಹೇಬ್ರ. ಈ ಸರ್ತಿ ಇಂಜಿನಿಯರ್ ಬೇಕಾಗ್ಯಾನ!"

ಗಿರಾಕಿಯನ್ನು ಗೆಲ್ಲುವುದು ಹೇಗೆ ಎಂದು ಈಗ ದಪ್ಪ ದಪ್ಪ ಪುಸ್ತಕ ಬರೆಯುತ್ತಾರೆ. ಗಿರಾಕಿಯನ್ನು ಮೊದಲು ಚೆನ್ನಾಗಿ ಸಿಟ್ಟಿಗೆಬ್ಬಿಸಿ ಎಂದು ಅವುಗಳಲ್ಲಿ ಎಲ್ಲಾದರೂ ಇದೆಯೆ? ಸಿಟ್ಟಾದವರೇ ಮದುವೆಯ ಆಲ್ಬಮ್ಮಿಗೂ ಇವರನ್ನು ಕರೆಯುತ್ತಿದ್ದರು. ಆ ಫೋಟೊಗಳು ಮಾತ್ರ ಅದ್ಭುತವಾಗಿರುತ್ತಿದ್ದವು! ಕಾರಣ ಕೇಳಿದರೆ, "ಈಗ ಯಾರೂ ಯಾರನ್ನೂ ವಾಪಸು ಕಳಿಸುವ ಹಾಗಿಲ್ಲವಲ್ಲ" ಎನ್ನುತ್ತಿದ್ದರು.

ಹೆಸರು ಎಷ್ಟು ಬೆಳೆಯಿತೆಂದರೆ, ಸಂಬಂಧ ಕೂಡಿಸುವವರು ಮೊದಲು ಫೋಟೊದ ಬೆನ್ನು ನೋಡುವುದಕ್ಕೆ ಶುರುಮಾಡಿದರು. ಅಲ್ಲಿ ಚಿಕ್ಕಪ್ಪನ ಸ್ಟುಡಿಯೊದ ಮೊಹರು ಕಂಡರೆ, "ಓ, ಇವರದ್ದಾ! ಹಾಗಾದ್ರೆ ಹುಡುಗಿ ಲಕ್ಷಣ ಉಂಟು" ಎಂದು ಮುಖ ನೋಡದೆಯೇ ಒಪ್ಪುತ್ತಿದ್ದರು.

ನನ್ನೊಳಗಿನ ತತ್ವಶಾಸ್ತ್ರಕ್ಕೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ನಿಮ್ಮ ಮೊಹರು ನೋಡಿ ಎಲ್ಲರೂ ಮನಸ್ಸಿನಲ್ಲೇ ಚೆಂದ ಸೇರಿಸಿಕೊಂಡರೆ ನೀವು ಫೋಟೊವನ್ನು ಇನ್ನೂ ಕೆಡಿಸಬೇಕಾಗುತ್ತದಲ್ಲ? ಇದಕ್ಕೆ ಕೊನೆ ಎಲ್ಲಿ?"

"ನೀನು ಇದನ್ನೇ ಕೇಳ್ತಿ ಅಂತ ನಂಗೆ ಗೊತ್ತಿತ್ತು."

"ಮತ್ತೆ ಉತ್ತರ?"

"ಉತ್ತರ ಗೊತ್ತಿದ್ರೆ ನಾನೂ ಎಂ.ಎ. ಮಾಡ್ತಿರ್ಲಿಲ್ವಾ?"

ಕೊನೆ ನಮ್ಮ ಮನೆಯಲ್ಲೇ ಇತ್ತು.

ಅಕ್ಕನಿಗೆ ಸಣ್ಣವಳಿದ್ದಾಗ ಸಿಡುಬು ಬಂದು ಮುಖದ ತುಂಬ ಗುಳಿಗಳು ಉಳಿದಿದ್ದವು. ಠಾಣೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ನೋಡಿ ಹೋದವರೆಲ್ಲ "ತಿಳಿಸುತ್ತೇವೆ" ಎಂದು ಹೇಳಿ ಹೋದವರೇ. ಅಪ್ಪನಿಗೆ ಕೊನೆಯ ಭರವಸೆ ತಮ್ಮನ ಮೊಹರು. "ನಿನ್ನ ಕೈಚಳಕ ಎಲ್ಲ ತೋರಿಸು. ಎಷ್ಟು ಕೆಡಿಸ್ಲಿಕ್ಕೆ ಆಗ್ತದೋ ಅಷ್ಟು ಕೆಡಿಸು" ಎಂದರು. ಕೈಮುಗಿಯುವುದೊಂದು ಬಾಕಿ.

ಫೋಟೊ ಬಂತು. ಅಮ್ಮ ಹಣೆ ಹಣೆ ಚಚ್ಚಿಕೊಂಡಳು: "ಅಯ್ಯೋ, ಇದೆಂತ ಮಾಡಿಟ್ಟಿದ್ದಿ? ಇಷ್ಟು ಚೆಂದ!"

ಅಪ್ಪ ಕಂಗಾಲಾದರು. "ನಿನ್ನ ಮೊಹರು ಹೊತ್ತು ಇದು ಹೋದ್ರೆ, ಆಕಾಶದಿಂದ ಯಾರೋ ಇಳೀತಾಳೆ ಅಂತ ಕಾಯ್ತಾರಲ್ಲೋ!"

ಚಿಕ್ಕಪ್ಪ ಮತ್ತೆ ತೆಗೆದರು. ದೀಪವನ್ನು ಕೆಳಗಿಟ್ಟರು, ಕುರ್ಚಿಯನ್ನು ಸೊಟ್ಟಗಿಟ್ಟರು, ಅಕ್ಕನಿಗೆ ಒಪ್ಪದ ಬಣ್ಣದ ಸೀರೆ ಉಡಿಸಿದರು. ಅವರ ಒದ್ದಾಟ ನೋಡಿ ಅಕ್ಕನಿಗೆ ನಗು. ಅವಳು ನಕ್ಕಾಗಲೆಲ್ಲ ಇವರ ಬೆರಳು ತಾನಾಗಿ ಗುಂಡಿ ಒತ್ತುತ್ತಿತ್ತು. "ಕೆಡುವುದೇ ಇಲ್ಲ ಮಾರಾಯ" ಎಂದು ತಲೆ ಮೇಲೆ ಕೈಹೊತ್ತು ಕೂತರು. ಗುಟ್ಟಾಗಿ ಪೆನ್ಸಿಲ್ ಆಡಿಸಿರಬಹುದೆ ಎಂದು ನಾನು ನೆಗೆಟಿವನ್ನು ಬಲ್ಬಿಗೆ ಹಿಡಿದು ನೋಡಿದೆ. ಒಂದು ಗೀರೂ ಇಲ್ಲ. ಗುಳಿಗಳೆಲ್ಲ ಇದ್ದಲ್ಲೇ ಇದ್ದವು. ಆ ನಗು ಬಿಟ್ಟು ಅವುಗಳನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ, ಅಷ್ಟೆ.

ಬೇರೆ ದಾರಿಯಿಲ್ಲದೆ ಅದೇ ಫೋಟೊ ಹೋಯಿತು. ಒಂದು ಭಾನುವಾರ ವಾಶಿಯಿಂದ ಗಂಡಿನವರು ಬಂದರು, ಟ್ಯಾಕ್ಸಿ ಮಾಡಿಕೊಂಡು! ಅಕ್ಕ ತಲೆತಗ್ಗಿಸಿ ಬಂದು ಕೂತಳು. ನಗುವಂಥದ್ದು ಅಲ್ಲೇನಿತ್ತು? ಗಂಡಿನ ತಾಯಿ ಫೋಟೊ ನೋಡಿದರು, ಅಕ್ಕನನ್ನು ನೋಡಿದರು, ಫೋಟೊವನ್ನು ತಿರುಗಿಸಿ ಮೊಹರು ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಚಿಕ್ಕಪ್ಪನತ್ತ ನೋಡಿ, "ನಿಮ್ಮ ಹೆಸರು ನಂಬಿ ಬಂದದ್ದು ನಾವು. ನೀವೂ ಪೆನ್ಸಿಲ್ ಹಿಡಿದ್ರಾ?" ಎಂದರು.

ಯಾವ ಗಿರಾಕಿಗೂ ಮಾತಿನಲ್ಲಿ ಸೋಲದ ಚಿಕ್ಕಪ್ಪ ತೊದಲಿದರು. "ಇಲ್ಲಮ್ಮ. ಬೇರೆ ಮಕ್ಕಳು ಕೂತರೆ ನಂಗೆ ಗಿರಾಕಿ ಕಾಣ್ತದೆ. ಇವಳು ಕೂತರೆ... ಇವಳು ನಂಗೆ ಹೀಗೇ ಕಾಣುದು."

ಆ ಮಾತಿನಿಂದ ಮದುವೆ ಕೂಡುವುದಿಲ್ಲ, ಕೂಡಲಿಲ್ಲ. ಫೋಟೊ ಮಧ್ಯವರ್ತಿಯ ಕೈಯಲ್ಲಿ ವಾಪಸು ಬಂತು. ಸುದ್ದಿ ಮೊದಲ ಲೋಕಲ್ ಹಿಡಿದು ಕಲ್ಯಾಣ ಮುಟ್ಟಿತು: ಅವರೂ ಈಗ ಚೆಂದದ ಫೋಟೊ ತೆಗೆಯುತ್ತಾರಂತೆ! ವರ್ಷಗಟ್ಟಲೆ ಜತನದಿಂದ ಕೆಡಿಸಿ ಕೆಡಿಸಿ ಕಟ್ಟಿದ ಹೆಸರು ಒಂದೇ ಒಂದು ಒಳ್ಳೆಯ ಫೋಟೊದಿಂದ ಹಾಳಾಯಿತು.

ಕೆಲವು ದಿನ ಬಿಟ್ಟು ಚಿಕ್ಕಪ್ಪ ಮನೆಗೆ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಮಗಾ, ಇನ್ನೊಂದು ತೆಗೆಯುವ. ಈ ಸಲ ಸತ್ಯವಾಗಿ ಕೆಡಿಸ್ತೇನೆ" ಎಂದರು.

ಅಕ್ಕ ಆ ಫೋಟೊವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸುತ್ತಿದ್ದಳು. "ಬೇಡ ಚಿಕ್ಕಪ್ಪ" ಎಂದಳು, ತಿರುಗದೆ. "ನಾನು ಹೀಗಿದ್ದೇನೆ ಅಂತ ನಂಗೆ ಇಷ್ಟು ವರ್ಷ ಯಾರೂ ಹೇಳಿರ್ಲಿಲ್ಲ."

ಚಿಕ್ಕಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಹಾಗೆಂದು ನನ್ನ ನೆನಪು. ಆ ಕಾಲದಲ್ಲಿ ಅವರಿಗೆ ಕನ್ನಡಕವೇ ಇರಲಿಲ್ಲ ಎಂದು ಅಕ್ಕ ಈಗಲೂ ಜಗಳಕ್ಕೆ ಬರುತ್ತಾಳೆ. ಅವಳು ಹೇಳುವುದೇ ನಿಜವಿರಬಹುದು. ಆದರೆ ಅವರು ಏನನ್ನೋ ಒರೆಸುತ್ತಿದ್ದುದನ್ನು ನಾನು ಕಂಡಿದ್ದೇನೆ.