ಕೊನೆಗೆ ಕಟ್ಟಿದ ಪಟ್ಟಿ

೧. ಸಮಪಾಲು

ಲಸ್ಕರ್ ನಡೆದುಕೊಂಡೇ ಬಂದ. ಎಡಗಾಲಿಗೆ ಟವೆಲ್ ಸುತ್ತಿತ್ತು. ಕಾಲುವೆಯ ಕೆಸರಿನಲ್ಲಿ ಒಡೆದ ಬಾಟಲಿಯ ಚೂರು ಅಂಗಾಲಿಗೆ ಹೊಕ್ಕು ಎಂಟು ದಿನವಾಗಿತ್ತು.

ಲಸ್ಕರ್ ಎಂದರೆ ಕಾಲುವೆಯ ಗೇಟು ಎತ್ತಿ ಇಳಿಸುವವನು. ಇವನು ವಳಕಮದಿನ್ನಿಯವನು. ದಿನಾ ಕಾಲುವೆಯ ದಂಡೆ ಹಿಡಿದು ಹತ್ತು ಹನ್ನೆರಡು ಕಿಲೋಮೀಟರ್ ನಡೆಯುವುದು ಅವನ ನೌಕರಿ. ಕಾಲು ಹೋದರೆ ನೌಕರಿ ಹೋದಂತೆ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ.

ನಾನು ಸಿಂಧನೂರಿನ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಡ್ರೆಸ್ಸರ್. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ನಾವಿಬ್ಬರೂ ಹುಡುಗರಿದ್ದಾಗಿನಿಂದ ದೋಸ್ತರು.

"ಇಷ್ಟು ದಿನ ಏನು ತಗೊಂಡ್ರಿ?" ಡಾಕ್ಟರು ಕೇಳಿದರು.

"ಗುಳಿಗಿ ತಗೊಂಡೀನ್ರಿ. ಕೆಂಪು ಹಳದಿ. ಅಂಗಡ್ಯಾಗ ಹತ್ತು ಕೊಟ್ಟಿದ್ರು."

"ಹತ್ತೂ ತಗೊಂಡ್ರಾ?"

"ಮೂರು ನಾ ತಗೊಂಡೆ. ಎರಡು ನಮ್ಮಾಕಿಗೆ ಕೊಟ್ಟೆ, ಹಲ್ಲು ನೋಯ್ತಿತ್ತು. ಎರಡು ಅಳಿಯಗ ಕೊಟ್ಟೆ, ಲಿಂಗಸುಗೂರಿಂದ ನೆಗಡಿ ಹತ್ತಿಸಿಕೊಂಡು ಬಂದಿದ್ದ. ಒಂದು ಮ್ಯಾಕಿಗೆ."

ಡಾಕ್ಟರ ಪೆನ್ನು ನಿಂತಿತು. "ಮೇಕೆಗೆ ಏನಾಗಿತ್ತು?"

"ಮಂಕಾಗಿತ್ರಿ."

"ಉಳಿದ ಎರಡು?"

"ಡಬ್ಬ್ಯಾಗ ಇಟ್ಟೀನಿ, ಮುಂದ ಬೇಕಾಗ್ತಾವ. ಮನ್ಯಾಗ ಇಷ್ಟು ಮಂದಿ ಇದ್ದು ನಾ ಒಬ್ಬನ ಹತ್ತೂ ತಿಂದ್ರ ಚಂದ ಕಾಣ್ತದೇನ್ರಿ?"

ಅರ್ಧ ಔಷಧಕ್ಕೆ ಮೆತ್ತಗಿನ ಕ್ರಿಮಿಗಳು ಸಾಯುತ್ತವೆ, ಗಟ್ಟಿಯವು ಉಳಿದು ಅವೇ ಸಂಸಾರ ಹೂಡುತ್ತವೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಲಸ್ಕರ್ ಪೂರಾ ಕೇಳಿದ. ತಲೆಯನ್ನೂ ಆಡಿಸಿದ.

"ಆದ್ರ ಮ್ಯಾಕಿ ಆರಾಮ ಐತ್ರಿ" ಅಂದ.

೨. ಕಡೀ ಪಂಕ್ತಿ

ಲಸ್ಕರನನ್ನು ಅವತ್ತೇ ಸೇರಿಸಿಕೊಂಡರು. ನಮ್ಮ ವಾರ್ಡಿನಲ್ಲಿ ಎಂಟು ಮಂಚ. ಚೊಕ್ಕ ಗಾಯ ಮೊದಲು, ಕೀವಿನ ಗಾಯ ಕೊನೆಗೆ. ಇದು ಡಾಕ್ಟರು ಹಾಕಿಕೊಟ್ಟ ನಿಯಮ. ನನಗೆ ಅದು ಇಪ್ಪತ್ತಾರು ವರ್ಷದಿಂದ ಗೊತ್ತು.

ಲಸ್ಕರನ ಗಾಯ ಆಗ ಸಣ್ಣದು, ಚೊಕ್ಕ. ನಿಯಮದಂತೆ ಅವನದು ಮೊದಲಾಗಬೇಕು. ನಾನು ಕೊನೆಗೆ ಇಟ್ಟುಕೊಂಡೆ. ಮೊದಲು ಮಾಡಿದರೆ ಉಳಿದ ಏಳು ಜನ ಕಾಯುತ್ತಾರೆ, ಕೂಡಲು ಆಗುವುದಿಲ್ಲ. ಕೊನೆಗಾದರೆ ಸ್ಟೂಲು ಎಳೆದು ಕೂಡಬಹುದು, ಎದುರಿನ ಹೋಟೆಲಿನಿಂದ ಚಹಾ ತರಿಸಬಹುದು. ಅವನು ಮಾತಾಡುತ್ತಿದ್ದ, ನಾನು ಕೇಳುತ್ತಿದ್ದೆ. ನನ್ನ ಕೆಲಸದಲ್ಲಿ ಜನ ನನಗೆ ಹೇಳುವ ಮಾತು ಒಂದೇ: "ಮೆಲ್ಲಕ."

ಐದನೇ ಮಂಚದಲ್ಲಿ ಮಸ್ಕಿಯ ಮನುಷ್ಯನಿದ್ದ. ಟ್ರ್ಯಾಕ್ಟರಿನಿಂದ ಬಿದ್ದು, ಮಲಗಿ ಮಲಗಿ ಬೆನ್ನು ಹುಣ್ಣಾಗಿತ್ತು. ಹಸಿರು ಕೀವು. ನಮ್ಮಲ್ಲಿಗೆ ಬರುವ ಮೊದಲು ಮೂರು ದವಾಖಾನೆ ಸುತ್ತಿದ್ದ. ಅವನ ಬೆನ್ನು ನೋಡದ ಔಷಧ ಇರಲಿಲ್ಲ.

ಚಿಮಟವನ್ನು ದಿನಾ ಬೆಳಿಗ್ಗೆ ಕುದಿಸುತ್ತಿದ್ದೆ. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗ ಔಷಧಿ ನೀರಿನ ಬಟ್ಟಲಲ್ಲಿ ಅದ್ದುತ್ತಿದ್ದೆ. ಬಟ್ಟಲು ಒಂದೇ. ಕೈಗವಸೂ ಹಾಕುತ್ತಿದ್ದೆ. ಎಂಟು ಮಂಚಕ್ಕೆ ಒಂದು ಜೋಡಿ. ನನ್ನ ಕೈಗೆ ಏನೂ ಆಗಲಿಲ್ಲ.

ಸಿಸ್ಟರ್ ಒಮ್ಮೆ ಅಂದಳು. "ಕಾಕಾ, ಲಸ್ಕರಂದು ಚೊಕ್ಕ ಗಾಯ ಐತಿ. ಮೊದಲ ಮಾಡ್ರಲ್ಲ."

"ಹೂಂ" ಅಂದೆ.

ಲಸ್ಕರ್ ಮಂಚದಿಂದಲೇ ಹೇಳಿದ. "ಇರಲಿ ಬಿಡವಾ ತಂಗಿ. ಮದುವ್ಯಾಗ ನೋಡಿಲ್ಲೇನು? ಮನೀ ಮಂದಿ ಕಡೀ ಪಂಕ್ತಿಗೆ ಕೂಡ್ತಾರ."

ಕಡೀ ಪಂಕ್ತಿಗೆ ಎಲ್ಲರದೂ ಆಗಿ ಉಳಿದದ್ದು ಬರುತ್ತದೆ. ಅವನಿಗೂ ಬಂತು.

೩. ಭತ್ತದ ಪುಡಿ

ಸೇರಿದ ಹತ್ತನೆಯ ದಿನ ಪಟ್ಟಿ ಬಿಚ್ಚಿದಾಗ ಹಸಿರು ಕಂಡಿತು. ಡಾಕ್ಟರು ಸೂಜಿಯ ಔಷಧ ಬದಲಿಸಿದರು. ಮೂರು ದಿನ ಬಿಟ್ಟು ಮತ್ತೆ ಬದಲಿಸಿದರು.

ಅಷ್ಟರಲ್ಲಿ ದಢೇಸುಗೂರಿನಿಂದ ಒಬ್ಬ ರೈತ ನೋಡಲು ಬಂದ. ನೋಡಲು ಎಂದರೆ ನೀರು ಕೇಳಲು. ಲಸ್ಕರ್ ಮಲಗಿದ ಮೇಲೆ ಅವನ ಜಾಗಕ್ಕೆ ಬಂದವನು ಗೇಟು ಸರಿಯಾಗಿ ಎತ್ತುತ್ತಿರಲಿಲ್ಲವಂತೆ. ರೈತ ಒಂದು ಡಜನ್ ಬಾಳೆಹಣ್ಣು ತಂದಿದ್ದ, ಸಕ್ಕರೆ ಕಾಯಿಲೆಯವನಿಗೆ. ಕಾಲು ನೋಡಿದ. ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದ.

"ಭತ್ತಕ್ಕ ಹೊಡಿಯೋ ಪುಡಿ. ಎಲಿ ತುದಿಯಿಂದ ಒಣಗಿಕೋತ ಬರ್ತಿತ್ತು, ಇದನ್ನ ಹೊಡದೆ, ಗಪ್ ನಿಂತು ಬಿಡ್ತು. ಇದರಾಗ ಇರೋದೂ ದವಾಖಾನಿ ಔಷಧಾನ ಅಂತ ಅಂಗಡ್ಯಾಂವ ಹೇಳ್ಯಾನ."

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ನಾನು ಪೊಟ್ಟಣ ವಾಪಸ್ಸು ಕೊಟ್ಟೆ. ಆದರೆ ಮಾರನೆಯ ದಿನ ಪಟ್ಟಿ ಬಿಚ್ಚಿದರೆ ಕಾಲು ಸುಣ್ಣ ಬಳಿದಂತಿತ್ತು. ಲಸ್ಕರನ ಹೆಂಡತಿ ಗೋಡೆ ನೋಡುತ್ತಿದ್ದಳು.

"ಭಾಬಿ, ಯಾರು ಹಾಕಿದ್ರು?" ಅಂದೆ.

"ಭತ್ತಕ್ಕ ಆಗ್ತದಂತ ಭಾಯಿ. ನಮ್ಮ ಮನಿಯವ್ರು ಭತ್ತಕ್ಕಿಂತ ಕಡಿಮಿ ಏನು?"

ಡಾಕ್ಟರು ರೈತನನ್ನು ಕರೆಸಿ ಬೈದರು. ಅವನು ನಿಂತು ಬೈಸಿಕೊಂಡ. ಹೋಗುವಾಗ ತನ್ನದೊಂದು ತೊಂದರೆ ಹೇಳಿದ.

"ಹೋದ ವರ್ಷ ಒಂದು ಪೊಟ್ಟಣಕ್ಕ ರೋಗ ನಿಲ್ತಿತ್ರಿ. ಈ ವರ್ಷ ಮೂರು ಹಾಕಿದ್ರೂ ಮಾತು ಕೇಳವಲ್ದು. ಯಾಕಂತೀರಿ?"

ಡಾಕ್ಟರು ಲಸ್ಕರನ ಚೀಟಿ ನೋಡಿದರು. ಮೂರನೆಯ ಔಷಧ ಬರೆದಿದ್ದರು. "ಗೊತ್ತಾದ್ರ ನನಗೂ ಹೇಳು" ಅಂದರು.

೪. ಒಂದೇ ಥಾನು

ಪಕ್ಕದ ಲ್ಯಾಬಿನ ಹೆಣ್ಣುಮಗಳು ನನ್ನನ್ನು ಕರೆದಳು. ಮಾತು ಖಡಕ್. ಕೀವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಔಷಧ ಹೀರಿಸಿದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುವುದು ಅವಳ ಕೆಲಸ. ಔಷಧ ತಾಗಿದರೆ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ಬಯಲಾಗುತ್ತದೆ.

ಲಸ್ಕರನ ತಟ್ಟೆಯಲ್ಲಿ ಹನ್ನೆರಡು ಬಿಲ್ಲೆ. ಒಂದರ ಸುತ್ತ ಮಾತ್ರ ಉಗುರಿನಷ್ಟು ಬಯಲು. ಉಳಿದ ಹನ್ನೊಂದರ ಮೈಗೆ ಹತ್ತಿಕೊಂಡೇ ಕ್ರಿಮಿ ಬೆಳೆದಿತ್ತು.

ಅವಳು ಇನ್ನೊಂದು ತಟ್ಟೆ ಪಕ್ಕಕ್ಕಿಟ್ಟಳು. "ಇದು ಐದನೇ ಮಂಚ. ಮಸ್ಕಿಯವ್ರದು." ಅದರಲ್ಲೂ ಹನ್ನೊಂದು ಹೋಗಿ ಒಂದು ಉಳಿದಿತ್ತು. "ಒಂದೇ ಥಾನಿನ ಬಟ್ಟಿ ಐತಿ ನೋಡ್ರಿ."

ಮೂರನೆಯದನ್ನೂ ಇಟ್ಟಳು. "ಇದು ಏಳನೇ ಮಂಚದ ಅಮ್ಮಂದು. ಈ ಕ್ರಿಮಿ ಜಾತೀನ ಬ್ಯಾರೆ. ಆದ್ರೂ ಅವ ಔಷಧ ಭಾಳಷ್ಟು ತಾಗವಲ್ವು."

"ಜಾತಿ ಬ್ಯಾರೆ ಆದ್ರ ಹೆಂಗ?"

"ಪಕ್ಕದ ಮನೀಗೆ ಹೆಪ್ಪು ಕೊಟ್ಟಂಗ, ಕಾಕಾ. ಔಷಧ ತಡಕೊಳ್ಳೋ ಉಪಾಯ ಒಂದಕ್ಕ ಗೊತ್ತಾತಂದ್ರ ತನ್ನ ಮಕ್ಕಳಿಗೆ ಅಷ್ಟ ಅಲ್ಲ, ಮಗ್ಗಲದ ಕ್ರಿಮಿಗೂ ಒಂದು ಚಮಚ ಕೊಡ್ತದ. ಹಾಲು ಅವರ ಮನೀದು, ಮೊಸರು ಇವರ ಮನೀದು."

ನಾನು ತಟ್ಟೆಗಳನ್ನು ಅವಳ ಕಡೆ ಸರಿಸಿದೆ. ಅವಳು ಬಿಡಲಿಲ್ಲ.

"ಮೂರು ಮಂದಿ ಮಂಚ ಬಿಟ್ಟು ಎದ್ದಿಲ್ಲ. ಒಬ್ಬರ ಮಾರಿ ಒಬ್ಬರು ನೋಡಿಲ್ಲ. ನಡುವ ಅಡ್ಡಾಡಾವ್ರು ಯಾರು?"

ನನ್ನ ಕೈಗವಸು, ಚಿಮಟ, ಬಟ್ಟಲಿನ ನೀರು, ಮೂರನ್ನೂ ಹತ್ತಿಯಲ್ಲಿ ಒರೆಸಿ ಒಯ್ದಳು. ಎರಡು ದಿನಕ್ಕೆ ಮೂರು ತಟ್ಟೆಯಲ್ಲೂ ಬೆಳೆಯಿತು. ಎಲ್ಲಕ್ಕಿಂತ ಹುಲುಸಾಗಿ ಬೆಳೆದದ್ದು ಕ್ರಿಮಿ ಕೊಲ್ಲುವ ಔಷಧಿ ನೀರಿನದು.

ಅವತ್ತೇ ಲಸ್ಕರನಿಗೆ ಹೇಳಿದೆ.

"ನಿನ್ನ ಕಾಲಿನಾಗಿನ ಕ್ರಿಮಿ ನಾ ಕೊಟ್ಟದ್ದು. ಐದನೇ ಮಂಚದಿಂದ ತಂದು ಹಚ್ಚೀನಿ. ನಿಂದು ಮೊದಲ ಮಾಡಿದ್ರ ಬರ್ತಿರಲಿಲ್ಲ."

ಅವನು ಕಾಲು ನೋಡಿಕೊಂಡ.

"ಐವತ್ತು ವರ್ಷದ ದೋಸ್ತಿಯೊಳಗ ನೀ ನನಗೇನೂ ಕೊಟ್ಟಿದ್ದಿಲ್ಲ" ಅಂದ. "ಕೊಡೂದ ಇತ್ತಂದ್ರ ಒಂದು ಗಡಿಯಾರ ಕೊಡಬೇಕಿತ್ತಲೇ."

೫. ನಲ್ಲಿ

ಬಟ್ಟಲು ಎಸೆದರು. ಮಂಚಕ್ಕೊಂದು ಚಿಮಟ, ಮಂಚಕ್ಕೊಂದು ಜೋಡಿ ಕೈಗವಸು ಬಂತು. ತಾಗದ ಹನ್ನೊಂದು ಔಷಧಗಳನ್ನು ಡಾಕ್ಟರು ವಾರ್ಡಿನಿಂದಲೇ ಹೊರಗೆ ಹಾಕಿದರು. ನಾನು ಪ್ರತಿ ಮಂಚಕ್ಕೂ ಕೈ ತೊಳೆದೆ. ಮೂರು ವಾರ ಹೀಗೇ ನಡೆಯಿತು. ಲಸ್ಕರನಿಗೆ ಉಳಿದ ಒಂದು ಔಷಧ ಹನಿಸುತ್ತಿದ್ದರು.

ಅವನ ಎದುರಿನ ಮಂಚಕ್ಕೆ ಹೊಸಬನೊಬ್ಬ ಬಂದ. ಆರನೆಯ ದಿನ ಅವನ ಗಾಯದಲ್ಲೂ ಹಸಿರು.

ಲ್ಯಾಬಿನ ಹೆಣ್ಣುಮಗಳು ಮತ್ತೆ ಹತ್ತಿ ಹಿಡಿದು ವಾರ್ಡೆಲ್ಲ ಒರೆಸಿದಳು. ಕ್ರಿಮಿ ಸಿಕ್ಕದ್ದು ಕೈ ತೊಳೆಯುವ ನಲ್ಲಿಯಲ್ಲಿ. ತೊಳೆಯುವ ಮೊದಲು ಹೊಲಸು ಕೈಯಿಂದ ನಲ್ಲಿ ತೆರೆಯುತ್ತಿದ್ದೆ. ತೊಳೆದ ಮೇಲೆ ಚೊಕ್ಕ ಕೈಯಿಂದ ಅದನ್ನೇ ಮುಚ್ಚುತ್ತಿದ್ದೆ.

"ಔಷಧ ನಿಲ್ಲಿಸಿ ಮೂರು ವಾರ ಆತಲ್ಲ" ಡಾಕ್ಟರು ಅವಳನ್ನು ಕೇಳಿದರು. "ಕ್ರಿಮಿ ಮೊದಲಿನಂಗ ಮೆತ್ತಗಾಗಿರಬೇಕಲ್ಲ?"

"ಇಲ್ರಿ. ಕಲತದ್ದು ಮರತಿಲ್ಲ. ನಲ್ಲಿ ಬುಡದಾಗ ಲೋಳಿ ಹತ್ತೇತಿ, ಅದರಾಗ ಮನಿ ಮಾಡಿಕೊಂಡು ಆರಾಮ ಕುಂತೈತಿ."

ಮೊಣಕೈಯಿಂದ ತೆರೆಯುವ ಹೊಸ ನಲ್ಲಿ ಹಾಕಿಸಿದರು. ನನ್ನನ್ನು ಕರೆದು ತೋರಿಸಿದರು. ನಾನು ನೋಡಿದೆ, ತಿಳಿಯಿತು ಅಂದೆ. ಆಮೇಲೆ ರೂಢಿಯಂತೆ ಕೈಯಿಂದಲೇ ತಿರುವಿದೆ.

೬. ಲಿಂಗಸುಗೂರು

ಉಳಿದ ಆ ಒಂದು ಔಷಧ ಕಿಡ್ನಿ ಕೆಡಿಸಿತು. ನಿಲ್ಲಿಸಿದರು. ಬೆರಳುಗಳು ಕಪ್ಪಾದವು. ಮಗಳು ಬಂದು ತನ್ನ ಊರು ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಅಲ್ಲಿ ಸೇರಿಸಿದಳು. ನಾನು ರಜೆ ಹಾಕಿ ಜೊತೆಗೆ ಹೋದೆ.

ಅಲ್ಲಿಯ ಡ್ರೆಸ್ಸರ್ ನನ್ನಷ್ಟೇ ವಯಸ್ಸಿನವನು. ಟ್ರೇ ತಳ್ಳಿಕೊಂಡು ಬಂದ. ಹದಿನಾಲ್ಕು ಮಂಚ. ಲಸ್ಕರನದೇ ಮೊದಲನೆಯದು.

ನಾನು ಅವನನ್ನು ಪಕ್ಕಕ್ಕೆ ಕರೆದೆ. "ನಾನೂ ಡ್ರೆಸ್ಸರ್ ಇದೀನಿ. ಇವಂದು ಕೊನೀಗೆ ಮಾಡ್ರಿ."

ಅವನು ನನ್ನ ಮುಖ ನೋಡಿದ, ಲಸ್ಕರನ ಮುಖ ನೋಡಿದ. ನಕ್ಕ.

"ಯಾಕ್ರಿ, ದೋಸ್ತೇನು?"

೭. ಒಂದು ಕಾಲು

ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು. ಕಾಗದಕ್ಕೆ ಲಸ್ಕರನೇ ಸಹಿ ಹಾಕಿದ.

"ನೌಕರಿ ಇನ್ನ ಹನ್ನೊಂದು ತಿಂಗಳಿತ್ತು" ಅಂದ.

ತೆಗೆದ ಕಾಲನ್ನು ಊರ ಕಬರಸ್ತಾನದಲ್ಲೇ ಮಣ್ಣು ಮಾಡಬೇಕು ಎಂದು ಅವನ ಹೆಂಡತಿ ಹೇಳಿದಳು. ಅವರಲ್ಲಿ ಅದು ಪದ್ಧತಿ. ಬಿಳಿ ಬಟ್ಟೆಯ ಗಂಟು ಹಿಡಿದುಕೊಳ್ಳಲು ಅಳಿಯನಿಗೆ ಆಗಲಿಲ್ಲ, ತಲೆ ತಿರುಗಿ ಕೂತ. ಆ ಕಾಲು ಹಿಡಿದು ರೂಢಿ ಇದ್ದವನು ನಾನು. ತೊಡೆಯ ಮೇಲೆ ಇಟ್ಟುಕೊಂಡು ಜೀಪಿನಲ್ಲಿ ಕೂತೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ವಳಕಮದಿನ್ನಿ.

ಕಬರಸ್ತಾನದಲ್ಲಿ ಗೋರಿ ಅಗೆಯುವವನು ಗುದ್ದಲಿ ಹಿಡಿದು ನಿಂತಿದ್ದ. ಫೋನಿನಲ್ಲಿ ಬರೀ ಜಾಗ ಅಗೆಯಲು ಹೇಳಿದ್ದರು.

"ಯಾರದ್ರಿ?"

"ಲಸ್ಕರಂದು."

ಗುದ್ದಲಿ ಕೆಳಗಿಟ್ಟ. ಟೋಪಿ ಸರಿಮಾಡಿಕೊಂಡ. "ಭಾಳ ಛಲೋ ಮನಷ್ಯಾ. ಯಾವಾಗ ತೀರಿಕೊಂಡ್ರು?"

"ತೀರಿಕೊಂಡಿಲ್ಲ. ಗಂಜಿ ಕುಡಿಯಾಕತ್ತಾನ."

ಅವನು ನನ್ನನ್ನು ನೋಡಿದ. ಜೀಪು ನೋಡಿದ. ನನ್ನ ಕೈಯಲ್ಲಿದ್ದ ಗಂಟು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗುದ್ದಲಿ ಎತ್ತಿಕೊಂಡ.

"ಮತ್ತ ಎಷ್ಟು ಉದ್ದ ತಗೀಲ್ರಿ?"

ಕೈ ಅಗಲಿಸಿ ತೋರಿಸಿದೆ.

"ಆಳ?"

"ಆಳ ಪೂರಾ ಮನಷ್ಯಾಂದು ತಗಿ."

ಕಾಲಿನೊಳಗಿನ ಕ್ರಿಮಿ ಸತ್ತಿರಲಿಲ್ಲ. ಅವನು ಕಾರಣ ಕೇಳದೆ ತೆಗೆದ.

ಮಾರನೆಯ ದಿನ ಲಿಂಗಸುಗೂರಿಗೆ ಹೋದೆ. ಲಸ್ಕರ್ ದಿಂಬಿಗೆ ಒರಗಿದ್ದ.

"ಎಲ್ಲಿ ಹಾಕಿದ್ರಿ?"

"ನಿಮ್ಮಪ್ಪನ ಮಗ್ಗಲ."

"ರಸ್ತಾ ಕಡೀಗೋ, ಕಾಲುವಿ ಕಡೀಗೋ?"

"ಕಾಲುವಿ ಕಡೀಗೆ."

"ಛಲೋ ಆತು" ಅಂದ. "ಅದರ ಮಟ್ಟಿಗೆ ಅದು ಡ್ಯೂಟಿ ಮ್ಯಾಲ ಐತಿ. ಆಪೀಸಿಗೆ ಹೇಳು, ನಾ ಅಷ್ಟ ರಜಾದ ಮ್ಯಾಲ ಇದೀನಿ."

ಕೀವು ತೊಡೆಗೆ ಏರಿತು. ರಕ್ತ ತೆಗೆದು ತಟ್ಟೆಯಲ್ಲಿ ಬೆಳೆಸಿದರು. ಈ ಸಲ ಹನ್ನೆರಡು ಬಿಲ್ಲೆಯಲ್ಲಿ ಯಾವುದೊಂದರ ಸುತ್ತಲೂ ಬಯಲಿರಲಿಲ್ಲ. ಕಾಲು ಮಣ್ಣು ಮಾಡಿದ ಹತ್ತೊಂಬತ್ತನೆಯ ದಿನ ಲಸ್ಕರ್ ತೀರಿಕೊಂಡ.