ಚುಕ್ಕಿ ನುಂಗಿದ ಸಾಲು

ಓರೆಯಾಗಿರುವುದನ್ನು ಕಂಡರೆ ನೆಟ್ಟಗೆ ಮಾಡದೆ ನನಗೆ ಊಟ ಸೇರುವುದಿಲ್ಲ. ಇದನ್ನೊಂದು ಗುಣ ಎಂದುಕೊಂಡೇ ನಲವತ್ತೆಂಟು ವರ್ಷ ಕಳೆದಿದ್ದೇನೆ. ಯಾರದಾದರೂ ಮನೆಗೆ ಹೋದರೆ, ಒಳಗಿನಿಂದ ಕಾಫಿ ಬರುವಷ್ಟರಲ್ಲಿ ಅವರ ಗೋಡೆಯ ಫೋಟೊ ನೇರವಾಗಿರುತ್ತದೆ, ಟೀಪಾಯಿ ಮೇಲಿನ ಪೇಪರುಗಳು ಅಂಚಿಗೆ ಅಂಚು ಕೂಡಿಕೊಂಡಿರುತ್ತವೆ. ಲಗ್ನಪತ್ರಿಕೆ ಕೊಟ್ಟರೆ ವಧೂವರರ ಹೆಸರಿಗಿಂತ ಮೊದಲು ಎಡಬಲದ ಅಂಚು ಸಮನಾಗಿದೆಯೇ ಎಂದು ನೋಡುತ್ತೇನೆ. ಒಮ್ಮೆ ಹೀಗೆ ನೋಡಿ, ಅಚ್ಚು ಎಷ್ಟು ಚೆನ್ನಾಗಿ ಬಂದಿದೆ ಎಂದು ಬಾಯ್ತುಂಬ ಹೊಗಳಿ, ಮುಹೂರ್ತದ ಮಾರನೆಯ ದಿನ ಕುಣಿಗಲ್ಲಿನ ಛತ್ರಕ್ಕೆ ಹೆಂಡತಿಗೆ ರೇಷ್ಮೆ ಸೀರೆ ಉಡಿಸಿಕೊಂಡು ಹೋಗಿ, ಬೀಗ ಹಾಕಿದ ಬಾಗಿಲು ನೋಡಿಕೊಂಡು ಬಂದೆ. ವಾಪಸ್ ಬಂದು ಮರಳೂರಿನ ನಮ್ಮ ಮನೆಯ ಗೇಟು ತೆಗೆಯುವಾಗ ಉಮಾ, "ನೀವು ಓದಲ್ಲ ಕಣ್ರೀ, ಬರೀ ನೋಡ್ತೀರ" ಎಂದಳು. ಆಗ ನಾನು ಗೇಟಿನ ಚಿಲಕ ಸ್ವಲ್ಪ ವಾಲಿರುವುದನ್ನು ಗಮನಿಸುತ್ತಿದ್ದೆ.

ಈ ಕಾಯಿಲೆಗೆ ನಮ್ಮಲ್ಲಿ ಮರ್ಯಾದೆಯೂ ಉಂಟು. ಯಾವುದಾದರೂ ಕಚೇರಿಗೆ ಅರ್ಜಿ ಹಾಕಿ ನೋಡಿ. ನಿಮ್ಮ ಬೀದಿಗೆ ಹದಿನೈದು ದಿನದಿಂದ ನೀರು ಬಂದಿಲ್ಲ ಎಂಬುದನ್ನು ಒಬ್ಬರೂ ಓದುವುದಿಲ್ಲ. 'ವಿಷಯ' ಎಂಬುದರ ಕೆಳಗೆ ಗೆರೆ ಎಳೆದಿಲ್ಲ ಎಂಬುದನ್ನು ಮೂರು ಮೇಜಿನವರೂ ನೋಡುತ್ತಾರೆ. ಗೆರೆ ಎಳೆದು ಕೊಟ್ಟರೆ ಸಂತೋಷದಿಂದ ತೆಗೆದುಕೊಂಡು ಸೀಲು ಹೊಡೆಯುತ್ತಾರೆ. ನೀರು ಆಮೇಲೂ ಬರುವುದಿಲ್ಲ, ಆ ಮಾತು ಬೇರೆ. ಇಂಥವರನ್ನೆಲ್ಲ ನಾನು ಬಹಳ ದಿನ ಗೇಲಿ ಮಾಡುತ್ತಿದ್ದೆ. ನನ್ನದು ಅಂಥ ಜಾತಿಯಲ್ಲ, ನನ್ನದು ತಾಂತ್ರಿಕ ಶಿಸ್ತು ಎಂಬ ನಂಬಿಕೆ ನನಗಿತ್ತು.

ತಾಂತ್ರಿಕ ಎಂದರೆ ಏನು ಎಂದು ಹೇಳಬೇಕು. ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಕೈಪಿಡಿ ಪುಟ ಇರುತ್ತದೆ. ಆ ಪುಟವನ್ನು ಹಾಗೇ ಬರೆಯುವುದಿಲ್ಲ; ಒಂದು ಮೂಲ ಫೈಲಿನಲ್ಲಿ ಕೆಲವು ಗುರುತುಗಳನ್ನು ಹಾಕಿ ಬರೆಯುತ್ತಾರೆ. ಸಾಲಿನ ಮೊದಲಲ್ಲಿ ಚುಕ್ಕಿ ಇದ್ದರೆ ಅದು ಓದುಗನಿಗಲ್ಲ, ಯಂತ್ರಕ್ಕೆ ಕೊಟ್ಟ ಅಪ್ಪಣೆ: ಇಲ್ಲಿ ಹೊಸ ಪ್ಯಾರಾ ಮಾಡು, ಇಲ್ಲಿ ಅಕ್ಷರ ದಪ್ಪ ಮಾಡು ಎಂದು. ಅದು ಅಚ್ಚಿನಲ್ಲಿ ಬರುವುದಿಲ್ಲ. ಉಳಿದದ್ದೆಲ್ಲ ಬರುತ್ತದೆ. ಈ ಮೂಲ ಫೈಲುಗಳನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಮಡಿವಂತರ ಮನೆಯ ಅಡುಗೆಕೋಣೆಯಷ್ಟು ನಿಯಮಗಳಿವೆ. ಸಾಲಿನ ಕೊನೆಯಲ್ಲಿ ಖಾಲಿ ಜಾಗ ಬಿಡಬಾರದು. ಹೊಸ ವಾಕ್ಯ ಹೊಸ ಸಾಲಿನಲ್ಲೇ ಶುರುವಾಗಬೇಕು. ಮೂಲದ ನಡುವೆ ಬರಿದಾದ ಸಾಲು ಇರಕೂಡದು. ಇವನ್ನೆಲ್ಲ ಮೀರಿದರೂ ಅಚ್ಚಾದ ಪುಟದಲ್ಲಿ ಹೆಚ್ಚಿನಂಶ ಏನೂ ವ್ಯತ್ಯಾಸ ಕಾಣುವುದಿಲ್ಲ, ಹಾಗಾಗಿಯೇ ನನ್ನಂಥವರಿಗೆ ಇದು ಹೇಳಿಮಾಡಿಸಿದ ಕೆಲಸ.

ರಜೆಯ ದಿನಗಳಲ್ಲಿ ನಾನು ಯಾವ ಯಾವುದೋ ದೇಶದವರು ಬರೆದ ಇಂಥ ಪುಟಗಳನ್ನು ತೆಗೆದು, ಸಾಲಿನ ಕೊನೆಯ ಖಾಲಿ ಜಾಗ ಕಿತ್ತು, ತಿದ್ದುಪಡಿ ಕಳಿಸುತ್ತಿದ್ದೆ. ಒಮ್ಮೆ ಒಬ್ಬ ಪುಣ್ಯಾತ್ಮ 'ಸೇರಿಸಿದ್ದೇನೆ, ವಂದನೆಗಳು' ಎಂದು ಉತ್ತರ ಬರೆದ. ಅದನ್ನು ಪ್ರಿಂಟ್ ತೆಗೆಸಿ, ಹಬ್ಬಕ್ಕೆ ಹೋದಾಗ ಕುಣಿಗಲ್ಲಿನಲ್ಲಿ ಮಾವನವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, ತಿದ್ದಿದ ಮೇಲೆ ಓದುವವರಿಗೆ ಏನು ವ್ಯತ್ಯಾಸ ಕಾಣುತ್ತದೆ ಎಂದು ಕೇಳಿದರು. ಏನೂ ಕಾಣುವುದಿಲ್ಲ ಮಾವ, ಅದೇ ಅದರ ಸೊಗಸು ಎಂದೆ. ಮಾವನವರು ಕನ್ನಡಕ ತೆಗೆದಿಟ್ಟು, ಒಳಗೆ ಹೋಗಿ, ಮಗಳ ಹತ್ತಿರ ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿದರು.

ಹೊಟ್ಟೆಪಾಡಿಗೆ ನಾನಿರುವುದು ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ. ಶಾಲೆಗಳಿಗೆ ತಾನೇ ಗಂಟೆ ಬಾರಿಸುವ ಪೆಟ್ಟಿಗೆ ಮಾಡುತ್ತೇವೆ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರು, ಅದರ ಜೊತೆಗೆ ಒಂದು ಕೈಪಿಡಿ. ಅದನ್ನು ಬರೆದವರು ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ನಾಗರತ್ನ ಮೇಡಂ. ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವರು, ಈಗ ನಿವೃತ್ತರು. ಪೆಟ್ಟಿಗೆ ಮುಟ್ಟುವವರು ಶಾಲೆಯ ಅಟೆಂಡರುಗಳು, ಹಾಗಾಗಿ ಕೈಪಿಡಿಯಿಂದ ಹಿಡಿದು ಫೈಲಿನ ಹೆಸರಿನವರೆಗೆ ಎಲ್ಲ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದು ಬರೆದಿದ್ದರಂತೆ. ಅವರ ಮೂಲ ಫೈಲನ್ನು ಮೊದಲ ಸಲ ತೆರೆದಾಗ ನನಗೆ ಮೈ ಉರಿಯಿತು. ಮಾರುದ್ದದ ಸಾಲುಗಳು, ಒಂದೇ ಸಾಲಿನಲ್ಲಿ ನಾಲ್ಕು ವಾಕ್ಯ. ಇದರ ಮೇಲೆ ಹನ್ನೊಂದು ಕಡೆ \& ಎಂಬ ಗುರುತು. ಅಂಗಡಿ ಬೋರ್ಡಿನಲ್ಲಿ 'ಅಂಡ್ ಸನ್ಸ್' ಎನ್ನುವಲ್ಲಿ ಹಾಕುತ್ತಾರಲ್ಲ, ಆ ಗಂಟು. ಅದರ ಬೆನ್ನಿಗೊಂದು ಓರೆ ಗೆರೆ. ಅಚ್ಚಿನಲ್ಲಿ ಏನೂ ಮೂಡದ, ಜಾಗವನ್ನೂ ತಿನ್ನದ ಗುರುತು ಅದು. ಏನೂ ಮಾಡದೆ ಹನ್ನೊಂದು ಕಡೆ ಕೂತಿದೆಯಲ್ಲ ಎಂದು, ಮೇಡಂಗೆ ವಯಸ್ಸಾಗಿತ್ತು ಪಾಪ ಎಂದುಕೊಂಡು, ಹನ್ನೊಂದನ್ನೂ ಕಿತ್ತು ಹಾಕಿದೆ. ಆಮೇಲೆ ಒಂದೊಂದು ವಾಕ್ಯವನ್ನೂ ಹೊಸ ಸಾಲಿಗೆ ಇಳಿಸಿದೆ. ಕೊನೆಗೆ, ನಿಯಮ ತಪ್ಪಿದ್ದರೆ ಹೇಳಲೆಂದು ನಾನೇ ಬರೆದಿದ್ದ ಒಂದು ಪರೀಕ್ಷಕ ಪ್ರೋಗ್ರಾಮನ್ನು ಓಡಿಸಿದೆ. ತಪ್ಪು ಸೊನ್ನೆ ಎಂದಿತು. ನನಗೆ ಗೊತ್ತಿದ್ದಷ್ಟೇ ಅದಕ್ಕೂ ಗೊತ್ತಿತ್ತು. ಅಚ್ಚಾಗಿ ಬಂದ ಪುಸ್ತಕವನ್ನು ತೆರೆದು ಅಂಚು ನೋಡಿದೆ, ಅಂಚು ಸೊಗಸಾಗಿತ್ತು. ಹೊಸ ಪುಸ್ತಕದ ಮೊದಲ ಪ್ರತಿ ಗುಬ್ಬಿಯ ಒಂದು ಪ್ರೌಢಶಾಲೆಗೆ ಪೆಟ್ಟಿಗೆಯ ಜೊತೆ ಹೋಯಿತು.

ನಾಲ್ಕೈದು ತಿಂಗಳ ಮೇಲೆ ಆ ಶಾಲೆಯ ಮುಖ್ಯ ಶಿಕ್ಷಕಿಯಿಂದ ಫೋನು ಬಂತು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿರುವಾಗ, ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಇದೆ ಎನ್ನುವಾಗ, ನಮ್ಮ ಪೆಟ್ಟಿಗೆ ಊಟದ ಉದ್ದನೆಯ ಗಂಟೆ ಬಾರಿಸಿಬಿಟ್ಟಿದೆ. ಒಂದು ಕೋಣೆಯಲ್ಲಿ ಹೊಸದಾಗಿ ಬಂದ ಮೇಷ್ಟ್ರು ಗಂಟೆಗೆ ಗೌರವ ಕೊಟ್ಟು ಎಲ್ಲ ಉತ್ತರಪತ್ರಿಕೆ ಕಿತ್ತುಕೊಂಡು ದಾರ ಕಟ್ಟಿದ್ದಾರೆ. ಮಕ್ಕಳು ಅಳುತ್ತ ಹೊರಗೆ ಬಂದಿದ್ದಾರೆ. ಪೋಷಕರು ಗಲಾಟೆ ಮಾಡಿ, ಆ ಕೋಣೆಯವರಿಗೆ ಪರೀಕ್ಷೆ ಮತ್ತೆ ನಡೆಸಬೇಕಾಗಿ ಬಂದಿದೆ. ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವರು ಅಟೆಂಡರ್ ಗಂಗಾಧರಯ್ಯ. ಪರೀಕ್ಷೆಯ ದಿನಗಳ ವೇಳೆ ಇರುವ ಫೈಲನ್ನು ಅವರು ಅಳಿಸಿಬಿಟ್ಟಿದ್ದರು. ಅದನ್ನು ಅಳಿಸಬಾರದು ಎಂದು ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂದು ಮುಖ್ಯ ಶಿಕ್ಷಕಿ ಕೇಳಿದರು. ಖಂಡಿತ ಇದೆ ಎಂದೆ. ನಾನೇ ತಿದ್ದಿದ ಸಾಲು, ಮರೆಯುವುದುಂಟೆ. ಹಾಗಾದರೆ ಆತ ಓದಿಲ್ಲ, ಓದಿದ್ದೀನಿ ಎಂದು ಸುಳ್ಳು ಹೇಳುತ್ತಿದ್ದಾನೆ, ಮೆಮೊ ಕೊಟ್ಟಿದ್ದೇನೆ, ನೀವೊಮ್ಮೆ ಬಂದು ಎದುರಿಗೇ ತೋರಿಸಿಬಿಡಿ ಎಂದರು. ಗಂಗಾಧರಯ್ಯನವರ ನಿವೃತ್ತಿಗೆ ಉಳಿದಿದ್ದದ್ದು ಒಂದೂವರೆ ವರ್ಷ. ಅಲ್ಲಿಯವರೆಗೆ ಅವರ ಸರ್ವಿಸ್ ಪುಸ್ತಕದಲ್ಲಿ ಒಂದು ಕಪ್ಪು ಗೆರೆಯೂ ಇರಲಿಲ್ಲ.

ಗುಬ್ಬಿ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ನನ್ನ ಭಾಷಣವನ್ನು ಮನಸ್ಸಿನಲ್ಲೇ ತಿದ್ದಿದೆ. ಕೈಪಿಡಿ ಓದದ ಜನ, ಬರೆದವರ ಕಷ್ಟ, ಶಿಸ್ತಿಲ್ಲದ ಸಮಾಜ, ಹೀಗೆ. ಸ್ಟಾಫ್ ರೂಮಿನಲ್ಲಿ ಚಹಾ ಕೊಟ್ಟರು, ಭಾಷಣವನ್ನು ಪೂರ್ತಿ ಮಾಡಿದೆ. ಗಂಗಾಧರಯ್ಯ ಬಾಗಿಲ ಪಕ್ಕ ನಿಂತು ಪೂರ್ತಿ ಕೇಳಿದರು. ಬೆಳ್ಳಗಿನ ಅಂಗಿ, ಹಣೆಯಲ್ಲಿ ವಿಭೂತಿ, ಮೂವತ್ತು ವರ್ಷ ರೈಲು ಕಂಬಿಯ ತುಂಡಿಗೆ ಸುತ್ತಿಗೆಯಲ್ಲಿ ಹೊಡೆದು ಗಂಟೆ ಬಾರಿಸಿದ ಕೈ. ಒಂದು ದಿನವೂ ನಿಮಿಷ ತಪ್ಪಿದವರಲ್ಲ ಎಂದು ಆಮೇಲೆ ಬೇರೆ ಮೇಷ್ಟ್ರುಗಳು ಹೇಳಿದರು. ಕಂಕುಳಲ್ಲಿದ್ದ ನಮ್ಮ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಪಠ್ಯಪುಸ್ತಕದ ಹಾಗೆ ಪೇಪರಿನ ರಟ್ಟು ಹಾಕಿದ್ದರು. ಆಯುಧಪೂಜೆಗೆ ಪೆಟ್ಟಿಗೆಯ ಜೊತೆ ಇಟ್ಟಿದ್ದರೆಂದು ಕಾಣುತ್ತದೆ, ಮೇಲೆ ಅರಿಶಿನ ಕುಂಕುಮ. ಒಳಗೆ ಒಂದೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಒಂದು ಸಣ್ಣ ರೈಟು ಗುರುತು ಇತ್ತು. ಓದಿ ಮುಗಿಸಿದ ಸಾಲಿಗೆಲ್ಲ ಹಾಕಿದ್ದು.

"ನಾನು ಓದಿಲ್ಲ ಅಂದ್ರಲ್ಲ ಸಾರ್, ಆ ಸಾಲು ಎಲ್ಲೈತೆ ತೋರ್ಸಿ" ಎಂದರು. "ತೋರ್ಸಿದ್ರೆ ಈಗ್ಲೇ ಮೆಮೊಗೆ ಸೈನ್ ಹಾಕ್ತೀನಿ."

ನಾನು ನಗುತ್ತಲೇ ಪುಸ್ತಕ ತೆರೆದೆ. ಒಂಬತ್ತನೇ ಪುಟ. 'ಹೊಸ ವೇಳಾಪಟ್ಟಿ ಹಾಕುವ ಮೊದಲು ಹಳೆಯ ಫೈಲುಗಳನ್ನೆಲ್ಲ ಅಳಿಸಿ' ಎಂದಿತ್ತು. ಅದರ ಮುಂದೆ 'ಆಮೇಲೆ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹೊತ್ತಿಸಿ' ಎಂದಿತ್ತು. ಎರಡಕ್ಕೂ ಪಕ್ಕದಲ್ಲಿ ರೈಟು ಗುರುತು. ನಡುವೆ ಇರಬೇಕಾಗಿದ್ದದ್ದು ಇರಲಿಲ್ಲ. ಹತ್ತನೇ ಪುಟ ನೋಡಿದೆ, ಎಂಟನೇ ಪುಟ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಮೂಲ ಫೈಲು ತೆಗೆದರೆ ಸಾಲು ಅಲ್ಲಿ ಕಲ್ಲಿನಂತೆ ಕೂತಿತ್ತು: '.ಪರೀಕ್ಷೆ ಎಂಬ ಫೈಲನ್ನು ಮಾತ್ರ ಮುಟ್ಟಬೇಡಿ.' ಪುಸ್ತಕದಲ್ಲಿ ಮಾತ್ರ ಇಲ್ಲ. ಒಂದು ಫೋನ್ ಮಾಡಿ ಬರುತ್ತೇನೆ ಎಂದು ಹೊರಗೆ ಎದ್ದು ಹೋದೆ.

ನಾಗರತ್ನ ಮೇಡಂ ಅವರೆಕಾಯಿ ಬಿಡಿಸುತ್ತ ಕೂತಿದ್ದರಂತೆ. ವಿಷಯ ಕೇಳಿದವರೇ, ಹಳೆಯ ಗುರುತುಗಳನ್ನೇನಾದರೂ ತೆಗೆದೆಯಾ ಎಂದರು. ಏನೂ ಕೆಲಸ ಮಾಡದ ಹನ್ನೊಂದು ಗುರುತು ಇದ್ದವು, ಸ್ವಚ್ಛ ಮಾಡಿದೆ ಎಂದೆ.

"ಅದು ಕಾವಲಿಗೆ ಇಟ್ಟಿದ್ದು ಕಣಪ್ಪ ಜಗದೀಶ. ಫೈಲಿನ ಹೆಸರೇ ಚುಕ್ಕಿಯಿಂದ ಶುರುವಾಗುತ್ತೆ. ಮುಂದೆ ಯಾರಾದ್ರೂ ಸಾಲು ಮುರಿದು ಅದನ್ನ ಮೊದಲಿಗೆ ತಂದ್ರೆ, ಯಂತ್ರ ಅಪ್ಪಣೆ ಅಂದ್ಕೊಂಡು ಸಾಲನ್ನೇ ನುಂಗುತ್ತೆ, ಒಂದು ಮಾತೂ ಹೇಳಲ್ಲ. ಹಂಗಾಗ್ದಿರ್ಲಿ ಅಂತ ಚುಕ್ಕಿ ಮುಂದೆ ಅದನ್ನ ನಿಲ್ಸಿದ್ದೆ." ಅವರೆಕಾಯಿಯ ಬುಟ್ಟಿ ಪಕ್ಕಕ್ಕೆ ಸರಿಸಿದ ಸದ್ದು ಕೇಳಿಸಿತು. "ಅಚ್ಚಾದ್ಮೇಲೆ ಒಂದ್ಸಲ ಓದ್ಲಿಲ್ವಾ?"

ಅಂದರೆ ಮುಂದೊಂದು ದಿನ ನನ್ನಂಥವನೊಬ್ಬ ಆ ಕುರ್ಚಿಗೆ ಬರುತ್ತಾನೆ ಎಂದು ಆಕೆಗೆ ಗೊತ್ತಿತ್ತು, ಅವನಿಗಾಗಿ ಹನ್ನೊಂದು ಕಾವಲು ಹಾಕಿಟ್ಟು ಹೋಗಿದ್ದರು. ಕಾವಲು ತೆಗೆದದ್ದೊಂದೇ ಆಗಿದ್ದರೂ ಏನೂ ಆಗುತ್ತಿರಲಿಲ್ಲ, ಸಾಲು ಮುರಿದದ್ದೊಂದೇ ಆಗಿದ್ದರೂ ಏನೂ ಆಗುತ್ತಿರಲಿಲ್ಲ. ಎರಡು ಶಿಸ್ತು ಒಟ್ಟಿಗೆ ಸೇರಿದ್ದರಿಂದ ಗುಬ್ಬಿಯಲ್ಲಿ ಒಂದು ಕೋಣೆ ಮಕ್ಕಳು ಅತ್ತರು. ಅಚ್ಚಾದ ಪುಟದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ ಎಂದು ಮಾವನವರಿಗೆ ಹೇಳಿದ್ದು ನೆನಪಾಗಿ, ನಿಜವಾಗಿಯೂ ನಾಚಿಕೆಯಾಯಿತು.

ಒಳಗೆ ಬಂದು, ಸಾಲನ್ನು ಯಂತ್ರ ನುಂಗಿದೆ, ಅಚ್ಚಿನಲ್ಲಿ ಬಿಟ್ಟುಹೋಗಿದೆ, ಇವರ ತಪ್ಪಿಲ್ಲ ಎಂದು ಬಾಯಲ್ಲಿ ಹೇಳಿದೆ. ಮುಖ್ಯ ಶಿಕ್ಷಕಿ ಬರವಣಿಗೆಯಲ್ಲಿ ಕೊಡಿ, ಮೆಮೊ ವಾಪಸ್ ತೆಗೆದುಕೊಳ್ಳಲು ಫೈಲಿಗೆ ಬೇಕಾಗುತ್ತದೆ ಎಂದರು. ಇಂಥ ಕೆಲಸ ಬಂದರೆ ನನಗೆ ಜೀವ ಬರುತ್ತದೆ. ಶಾಲೆಯ ಕಂಪ್ಯೂಟರಿನಲ್ಲೇ ಕೂತು ಪತ್ರ ಟೈಪು ಮಾಡಿದೆ. ವಿಷಯ, ಅದರ ಕೆಳಗೆ ಗೆರೆ. ಉಲ್ಲೇಖ, ಅದರ ಕೆಳಗೂ ಗೆರೆ. ಮೂರು ಪ್ಯಾರಾ, ಮೂರೂ ಒಂದೇ ಉದ್ದ. 'ಮುದ್ರಣದ ಹಂತದಲ್ಲಿ ಉಂಟಾದ ತಾಂತ್ರಿಕ ಕಾರಣದಿಂದಾಗಿ ಸದರಿ ಕೈಪಿಡಿಯ ಪುಟ ಒಂಬತ್ತರಲ್ಲಿ ಒಂದು ವಾಕ್ಯವು ಮೂಡದೇ ಇರುವ ಸಾಧ್ಯತೆ ಕಂಡುಬಂದಿರುತ್ತದೆ' ಎಂದು ಶುರುಮಾಡಿ, 'ಸೂಕ್ತ ಕ್ರಮ ವಹಿಸಲಾಗುವುದು' ಎಂದು ಮುಗಿಸಿದೆ. ಮುಖ್ಯ ಶಿಕ್ಷಕಿ ಕೈಗೆ ತೆಗೆದುಕೊಂಡು, ಎಷ್ಟು ನೀಟಾಗಿದೆ, ನಮ್ಮ ಗುಮಾಸ್ತರಿಗೂ ಕಲಿಸಿ ಎಂದರು. ಒಂದು ನಿಮಿಷ ನನಗೆ ಎಲ್ಲವೂ ಸರಿಹೋಯಿತು ಅನಿಸಿತು.

ಗಂಗಾಧರಯ್ಯ ಪತ್ರ ಕೇಳಿ ಇಸಿದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ಜೇಬಿನಿಂದ ಪೆನ್ಸಿಲು ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಒಂದೊಂದು ಸಾಲು ಮುಗಿದಾಗಲೂ ಪಕ್ಕದಲ್ಲಿ ಒಂದು ರೈಟು ಗುರುತು. ಕೊನೆಯವರೆಗೂ ಹೋಗಿ, ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿ, ನನ್ನ ಕಡೆ ತಿರುಗಿದರು.

"ಎಲ್ಲಾ ಐತೆ ಸಾರ್. ತಪ್ಪು ನಿಮ್ದು, ನಂದಲ್ಲ ಅನ್ನೋ ಸಾಲೊಂದೇ ಇಲ್ಲ. ಇದೂ ಅಚ್ಚಲ್ಲೇ ಹೋಯ್ತಾ?"

ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಯಂತ್ರಗಳು ಹಾಗೆ ನುಂಗುತ್ತವೆ ಎಂದು ಈಗ ತಾನೇ ನನ್ನಿಂದ ಕಲಿತಿದ್ದರು, ಅದನ್ನೇ ಕೇಳುತ್ತಿದ್ದರು. ಈ ಸಲ ಅದನ್ನು ನುಂಗಿದ್ದು ಚುಕ್ಕಿಯಲ್ಲ, ನಾನೇ. ಅವರ ಪೆನ್ಸಿಲನ್ನೇ ಇಸಿದುಕೊಳ್ಳಲು ಹೋದೆ; ಇದಕ್ಕೆ ಪೆನ್ನೇ ಇರಲಿ ಸಾರ್ ಎಂದು ಮೇಜಿನ ಮೇಲಿದ್ದದ್ದನ್ನು ಕೊಟ್ಟರು. ನನ್ನ ಸೈನಿನ ಮೇಲೆ ಉಳಿದಿದ್ದ ಇಷ್ಟೇ ಜಾಗದಲ್ಲಿ ಬರೆದೆ: 'ಸಾಲು ಹೋದದ್ದು ನಾನು ತಿದ್ದಿದ್ದರಿಂದ. ಗಂಗಾಧರಯ್ಯನವರು ಪುಸ್ತಕವನ್ನು ಪೂರ್ತಿ ಓದಿದ್ದಾರೆ, ನಾನು ಓದಿಲ್ಲ.' ಇಕ್ಕಟ್ಟಿನಲ್ಲಿ ಅಕ್ಷರಗಳು ಬಲಕ್ಕೆ ಹೋಗುತ್ತ ಹೋಗುತ್ತ ಮೇಲಕ್ಕೆ ಏರಿ, ಕೊನೆಯ ಪದ ಅಂಚು ದಾಟಿ ಹೋಯಿತು. ಮುಖ್ಯ ಶಿಕ್ಷಕಿ ನೋಡಿ ಮುಖ ಕಿವುಚಿ, ಫೈಲಿಗೆ ಹೋಗುವ ಕಾಗದ, ಹೀಗೆ ಗೀಚಿದರೆ ಚೆನ್ನಾಗಿರುವುದಿಲ್ಲ, ಅದನ್ನೂ ಸೇರಿಸಿ ಇನ್ನೊಂದು ಸಲ ನೀಟಾಗಿ ಟೈಪು ಮಾಡಿಬಿಡಿ ಎಂದರು. ನನ್ನ ಕೈ ಆಗಲೇ ಕಾಗದದ ಕಡೆ ಹೋಗಿತ್ತು.

ಗಂಗಾಧರಯ್ಯ ಅದನ್ನು ನನಗೆ ಸಿಗದಂತೆ ಹಿಂದಕ್ಕೆ ಎಳೆದುಕೊಂಡು, ಆ ಸೊಟ್ಟ ಸಾಲಿನ ಪಕ್ಕದಲ್ಲಿ ನಿಧಾನವಾಗಿ ಒಂದು ರೈಟು ಗುರುತು ಹಾಕಿದರು.

"ಬ್ಯಾಡಿ ಮೇಡಂ" ಎಂದರು. "ಇವ್ರು ನೀಟ್ ಮಾಡಕ್ಕೋದ್ರೆ ಈ ಸಾಲೂ ಹೊಂಟೋಯ್ತದೆ."