ರೋಲರ್ ಕೋಸ್ಟರಿನ ಮುಂದೆ ನಾನು ಹೂಡಿದ ನೆಪ

ಮಕ್ಕಳು ದೊಡ್ಡವರಾದ ಮೇಲೆ ತಂದೆಯಾದವನು ಬಾಯಿಗೆ ಬೀಗ ಹಾಕಿಕೊಳ್ಳುವುದು ಒಳ್ಳೆಯದು. ಚಿಕ್ಕವರಿದ್ದಾಗ ಹುಲಿ ಹೊಡೆಯುತ್ತೇನೆಂದು ಹೇಳಿ ದಕ್ಕಿಸಿಕೊಳ್ಳಬಹುದು. ದೊಡ್ಡವರಾದರೆ ಕೈಹಿಡಿದು ಹುಲಿಯ ಮುಂದೆಯೇ ನಿಲ್ಲಿಸುತ್ತಾರೆ. ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನನಗೆ, ಮೇಲಿನ ಕಪಾಟಿನ ಸೀರೆ ತೆಗೆಯಲು ಸ್ಟೂಲು ಹತ್ತಿದರೇ ತಲೆ ಸುತ್ತುತ್ತದೆ. ಇದು ಮನೆಯಲ್ಲಿ ಯಾರಿಗೂ ತಿಳಿಯದಂತೆ ನೋಡಿಕೊಂಡು ಬಂದವನು ನಾನು.

ನನ್ನ ಮಗಳು ಗೌರಿ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಮುಗಿಸಿದವಳೇ, ರೋಲರ್ ಕೋಸ್ಟರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಹೊರಟು ನಿಂತಳು. ಜನ ಚೀರಾಡಲಿ ಎಂದೇ ಯಂತ್ರ ಮಾಡುವುದೂ ಒಂದು ಉದ್ಯೋಗವೇ? "ಮೊದಲ ನಾ ಅದರಾಗ ಕುಂತು ನೋಡತೇನಿ. ಆಮ್ಯಾಲ ಹೋಗೂದೋ ಬಿಡೂದೋ ಹೇಳತೇನಿ" ಎಂದುಬಿಟ್ಟೆ. ನಾನು ಕೂರುವುದಿಲ್ಲ, ಅವಳು ಹೋಗುವುದಿಲ್ಲ ಎಂಬುದು ನನ್ನ ಲೆಕ್ಕ. ಮುಂದಿನ ರವಿವಾರವೇ ಅವಳು ರೋಲರ್ ಕೋಸ್ಟರ್ ಇರುವ ದೂರದ ಪಾರ್ಕಿಗೆ ಗಾಡಿ ಗೊತ್ತುಮಾಡಿದಳು. ನನ್ನ ಪರ ಮಾತಾಡಲೆಂದು ನಾನು ಕರೆಸಿದ ಅಕ್ಕ ಗಂಗವ್ವನೂ ಮಸಗುಪ್ಪಿಯಿಂದ ರೊಟ್ಟಿಯ ಗಂಟು ಹಿಡಿದು ಬಂದಿಳಿದಳು.

ದಾರಿಯುದ್ದಕ್ಕೂ ಗೌರಿಯ ಪುರಾಣ. ರಷ್ಯಾದವರು ಕಟ್ಟಿಗೆಯ ದಿಬ್ಬ ಕಟ್ಟಿ, ಅದಕ್ಕೆ ಮಂಜುಗಡ್ಡೆ ಹೊದಿಸಿ ಜಾರುತ್ತಿದ್ದರಂತೆ. ಅಮೆರಿಕದಲ್ಲಿ ಗುಡ್ಡದಿಂದ ಕಲ್ಲಿದ್ದಲು ಇಳಿಸುತ್ತಿದ್ದ ಹಳಿಯ ಮೇಲೆ ಜನರೇ ರೊಕ್ಕ ಕೊಟ್ಟು ಕೂತು ಇಳಿಯತೊಡಗಿದರಂತೆ. ಕಲ್ಲಿದ್ದಲು ಪಾಪ, ಒಲ್ಲೆ ಎನ್ನುವ ಹಾಗಿರಲಿಲ್ಲ. ಮನುಷ್ಯರಿಗೆ ಏನು ಧಾಡಿಯಾಗಿತ್ತು?

"ಗಾಡಿ ತಲಿಕೆಳಗಾಗಿ ತಿರಗೂ ಸುತ್ತನ್ನ ಮೊದಲ ಕೈಬಳಿ ಹಂಗ ದುಂಡಗ ಮಾಡಿದ್ರಪ್ಪಾ. ಮಂದಿ ಕುತಗಿ ಉಳುಕತಿತ್ತು. ಆಮ್ಯಾಲ ತಲಿಕೆಳಗ ಮಾಡಿದ ನೀರಿನ ಹನಿ ಹಂಗ ಮಾಡಿದ್ರು. ಆ ಲೆಕ್ಕನ ನಾ ಕಲಿಬೇಕಾಗೇತಿ" ಎಂದಳು ಗೌರಿ.

"ಅಂದ್ರ ಮಂದಿ ಕುತಗಿ ಕಾಯೂ ಕೆಲಸ ಅನ್ನು" ಎಂದಳು ಅಕ್ಕ. ಅವಳು ಆಗಲೇ ಪಕ್ಷ ಬದಲಿಸಿದ್ದಳು.

ಪಾರ್ಕಿನಲ್ಲಿ ಆ ಉಕ್ಕಿನ ಹಾವನ್ನು ನೋಡಿದವನೇ ತಪ್ಪಿಸಿಕೊಳ್ಳಲು ನೆಪ ಹುಡುಕತೊಡಗಿದೆ. ದೇವರು ದೊಡ್ಡವನು. ಕುತ್ತಿಗೆಯಲ್ಲಿ ನೇತಾಡುವುದನ್ನೆಲ್ಲ ತೆಗೆದಿಡಬೇಕು ಎಂದು ಅಲ್ಲಿನ ಕೆಲಸದವನು ಹೇಳುತ್ತಿದ್ದ. ನಾನು ಅಂಗಿಯೊಳಗಿನ ಬೆಳ್ಳಿಯ ಕರಡಿಗೆಯನ್ನು ಹೊರಗೆಳೆದು ತೋರಿಸಿ, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡೆ. "ಇದರಾಗ ಇಷ್ಟಲಿಂಗ ಐತ್ರಿ. ಮೈಮ್ಯಾಲಿಂದ ಬಿಚ್ಚಿ ಇಡಾಕ ಬರೂದಿಲ್ರಿ. ಏನ್ ಮಾಡೂದು, ನಮ್ಮ ನಸೀಬದಾಗ ಇಲ್ಲ." ಲಿಂಗಪೂಜೆಯನ್ನು ದಿನಾ ಎರಡು ನಿಮಿಷದಲ್ಲಿ ಮುಗಿಸುವ ನನಗೆ ಅಷ್ಟೊಂದು ನಿಷ್ಠೆ ಅಂದು ಎಲ್ಲಿಂದ ಬಂತೋ.

ಗೌರಿಯ ಮುಖ ಬಾಡಿತು. ಅಕ್ಕ ಮಾತ್ರ ನನ್ನನ್ನೇ ದಿಟ್ಟಿಸಿದಳು.

"ಯಾಕ ತಮ್ಮಾ, ಹೊಲದಾಗ ಬಗ್ಗಿ ಕೆಲಸಾ ಮಾಡೂವಾಗ ನಾವೇನ ಬಿಚ್ಚಿ ಇಡತೇವನು? ಬಾ ಇಲ್ಲೆ" ಎಂದು ಚೀಲದಿಂದ ಮಡಿಬಟ್ಟೆ ತೆಗೆದಳು. ಕರಡಿಗೆಯನ್ನು ನನ್ನ ಎದೆಗೊತ್ತಿ, ಅಂಗಿಯೊಳಗೆ ಹೆಗಲಿಗೆ ಅಡ್ಡ ಸುತ್ತಿ, ಬೆನ್ನ ಮೇಲೆ ಗಂಟು ಹಾಕಿದಳು. ತನ್ನದನ್ನೂ ಹಾಗೆಯೇ ಸೆರಗಿನೊಳಗೆ ಬಿಗಿದುಕೊಂಡಳು. ಕೆಲಸದವನು ನನ್ನ ಗಂಟು ಎಳೆದು ನೋಡಿ, "ಬರೋಬ್ಬರಿ ಐತಿ, ಕೂಡ್ರಿ" ಎಂದ.

ಗಾಡಿ ಏರಿತು, ಧುಮುಕಿತು. ನಾನು ಕೂಗಿದ್ದು ನಮ್ಮೂರ ಕಡೆಯ ಘೋಡಗೇರಿಯವರೆಗೂ ಕೇಳಿಸಿರಬೇಕು. ಆ ಸುತ್ತು ಬಂತು. ಆಕಾಶ ಕಾಲ ಕೆಳಗೆ ಬಂದು ಹೋಯಿತು. ಇಳಿದ ಮೇಲೆ ಮೊದಲು ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಏನೂ ಆಗಿರಲಿಲ್ಲ. ಎಲ್ಲೋ ಕೂತ ಯಾರೋ, ನನ್ನ ಹೆಸರೂ ಗೊತ್ತಿಲ್ಲದವರು, ನನ್ನ ಕುತ್ತಿಗೆಯ ಚಿಂತೆ ಮಾಡಿದ್ದರು. ನನ್ನ ಮಗಳೂ ಅಂಥದೇ ಕೆಲಸ ಮಾಡಹೊರಟಿದ್ದಾಳೆ ಅನ್ನಿಸಿ ಕಣ್ಣು ತುಂಬಿತು. ಗಾಳಿಗೆ ಹಾಗಾಯಿತು ಎಂದೆ.

"ಹೇಳಪ್ಪಾ, ಹೋಗ್ಲೇನು?"

"ಹೋಗವ್ವಾ" ಎಂದೆ.

ಗೌರಿ ನನ್ನ ಎರಡೂ ಕೈ ಹಿಡಿದುಕೊಂಡಳು. "ನಾ ಮಾಡಿದ ಮೊದಲನೇದ್ರಾಗ ಮೊದಲ ನಿನ್ನನ್ನ ಕೂಡಸ್ತೇನಿ!"

ಈಗ ಅವಳು ಆ ಕಾರ್ಖಾನೆಯಲ್ಲಿ ಕಲಿಯುತ್ತಿದ್ದಾಳೆ. ಬಹಳ ಚುರುಕು ಎಂದು ಮೇಲಿನವರು ಹೊಗಳುತ್ತಾರಂತೆ. ನಾನು ಮಾತ್ರ ಫೋನು ಮಾಡಿದಾಗಲೆಲ್ಲ, "ಸಾವಕಾಶ ಕಲಿಯವ್ವಾ, ಗಡಿಬಿಡಿ ಏನಿಲ್ಲ" ಎನ್ನುತ್ತೇನೆ. ಎಂಥ ಸಮಾಧಾನದ ತಂದೆ ಎಂದು ಊರವರು ಮೆಚ್ಚಿಕೊಳ್ಳುತ್ತಾರೆ.